ಕಾಯಿಲೆ ಬಂತೆಂದು ರಾಜೀನಾಮೆ ಬರೆಯಬೇಡಿ

ವಾರದ ರಜೆ ಮುಗಿಸಿ ಪಾಳಿಗೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ದಮ್ಮು ಕಟ್ಟುತ್ತದೆ. ವಾರ ಕಳೆಯುತ್ತ ತುಸು ಹಗುರವಾಗುತ್ತದೆ. ಮತ್ತೆ ರಜೆ, ಮತ್ತೆ ಅದೇ ಬಿಗಿತ. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ತಗಲುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಶುರುವಾಗುವುದು ಹೀಗೆ. ಗೋಕಾಕ ಫಾಲ್ಸಿನ ಗಿರಣಿ 1880ರ ದಶಕದ್ದು. ಅಜ್ಜ, ಅಪ್ಪ, ಮಗ ಹೀಗೆ ಮೂರು ತಲೆಮಾರು ನೂಲಿನ ಕೆಲಸದಲ್ಲೇ ಸವೆದ ಮನೆಗಳು ಅಲ್ಲಿವೆ. ಇಂಥ ಕೆಮ್ಮನ್ನು ಬೀಡಿಗೋ ವಯಸ್ಸಿಗೋ ಹಚ್ಚಿ ಸುಮ್ಮನಾಗುವುದು ಸುಲಭ.

ಹುಕ್ಕೇರಿ, ಮೂಡಲಗಿ ಕಡೆಯ ಧೂಳು ಬೇರೆ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಿಂದ ಹಿಡಿದು ಈ ಸೀಮೆಯಲ್ಲೆಲ್ಲ ಸಕ್ಕರೆ ಕಾರ್ಖಾನೆಗಳೇ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ ರಾಶಿಯಲ್ಲಿ ಬಿದ್ದು ಬೂಷ್ಟು ಹಿಡಿದರೆ, ಅದರ ಧೂಳು ಪುಪ್ಪುಸಕ್ಕೆ ಹೋಗಿ ಬ್ಯಾಗಸೋಸಿಸ್ ಬರುತ್ತದೆ.

ಈ ಎರಡನ್ನೂ ಕಾನೂನು ಹೆಸರು ಹಿಡಿದು ಗುರುತಿಸಿದೆ. 1923ರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಇವು ಔದ್ಯೋಗಿಕ ಕಾಯಿಲೆಗಳಾಗಿದ್ದವು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಪಟ್ಟಿಯನ್ನು ಉಳಿಸಿಕೊಂಡಿದೆ. ಅರ್ಥ ಇಷ್ಟು: ಕೆಲಸದಿಂದ ಬಂದ ಕಾಯಿಲೆ ಕೆಲಸದಲ್ಲಿ ಆದ ಅಪಘಾತಕ್ಕೆ ಸಮ. ನೌಕರರ ರಾಜ್ಯ ವಿಮೆ (ಇಎಸ್‌ಐ) ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಮಾಲೀಕರಿಂದ ಪರಿಹಾರ ಕೇಳಬಹುದು. ಇದರಲ್ಲಿ ಸಾವ್ಕಾರರ ದಯೆಯ ಮಾತೇ ಇಲ್ಲ.

ಆದರೆ ಹಕ್ಕು ನಿಲ್ಲುವುದು ದವಾಖಾನೆಯ ಚೀಟಿಯ ಮೇಲೆ. ವೈದ್ಯರು ಕೇಳದಿದ್ದರೂ ನೀವೇ ಹೇಳಿ: ಯಾವ ಖಾತೆಯಲ್ಲಿ ಕೆಲಸ, ಎಷ್ಟು ವರ್ಷದಿಂದ, ಯಾವ ಧೂಳು. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. "ಕೆಮ್ಮು, ದಮ್ಮು" ಎಂದಷ್ಟೇ ಬರೆದ ಹತ್ತು ಚೀಟಿಗಳಿಂದ ಆಗದ್ದು, ಕೆಲಸದ ವಿವರ ಇರುವ ಒಂದು ಚೀಟಿಯಿಂದ ಆಗಬಹುದು.

ಇನ್ನು ಇಎಸ್‌ಐ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು (ಅಂಗವಿಕಲರಿಗೆ 25,000) ಸಂಬಳದಲ್ಲಿ ಶೇ 0.75 ಕಡಿತವಾಗುತ್ತಿದ್ದರೆ ನೀವು ವಿಮಾದಾರರು. ವಂತಿಗೆಯ ಆರು ತಿಂಗಳ ಅವಧಿಯಲ್ಲಿ 78 ದಿನ ಕಡಿತವಾಗಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ಸಿಗುತ್ತದೆ. ಬಹಳ ಜನರಿಗೆ ಗೊತ್ತಿರುವುದು ಇಲ್ಲಿಯವರೆಗೆ ಮಾತ್ರ. ಕ್ಷಯ, ಕುಷ್ಠ, ಕ್ಯಾನ್ಸರ್, ಕಿಡ್ನಿ ವೈಫಲ್ಯ ಸೇರಿ 34 ದೀರ್ಘಕಾಲದ ಕಾಯಿಲೆಗಳಿಗೆ ವಿಸ್ತರಿತ ಸೌಲಭ್ಯವೊಂದಿದೆ. ಅದರಲ್ಲಿ ಕೂಲಿಯ ಶೇ 80 ಸಿಗುತ್ತದೆ, ಎರಡು ವರ್ಷದವರೆಗೂ ಮುಂದುವರಿಯಬಹುದು. ಅದಕ್ಕೆ ಎರಡು ವರ್ಷ ಸತತ ವಿಮಾ ನೌಕರಿ ಆಗಿರಬೇಕು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಕಟ್ಟಿರಬೇಕು. ಡಯಾಲಿಸಿಸ್ ಶುರುವಾದ ವಾರವೇ ಕೆಲಸ ಬಿಟ್ಟವರು ಕಳೆದುಕೊಳ್ಳುವುದು ಇದನ್ನೇ. ಹಾಜರಿ ಪಟ್ಟಿಯಿಂದ ಹೆಸರು ಹೋದ ಮೇಲೆ ಈ ದಾರಿ ಕಿರಿದಾಗುತ್ತದೆ.

ಒಂದು ಕಹಿ ಮಾತೂ ಇದೆ. ಸಕ್ಕರೆ ತಯಾರಿಕೆ ಮಾತ್ರ ಮಾಡುವ ಹಂಗಾಮಿ ಕಾರ್ಖಾನೆಗಳನ್ನು ಹಳೆಯ ಇಎಸ್‌ಐ ಕಾನೂನು ಹೊರಗಿಟ್ಟಿತ್ತು. ಹೊಸ ಸಂಹಿತೆಯೂ ಅದನ್ನೇ ಹೇಳುತ್ತದೆ. ಕಬ್ಬಿನ ನಾಡಿಗೆ ಇದು ಅನ್ಯಾಯ ಎನ್ನದೆ ವಿಧಿಯಿಲ್ಲ. ಡಿಸ್ಟಿಲರಿ, ವಿದ್ಯುತ್ ಘಟಕ ಎಂದು ವರ್ಷವಿಡೀ ನಡೆಯುವ ಕಾರ್ಖಾನೆಯ ಸ್ಥಿತಿ ಬೇರೆಯಾಗಿರಬಹುದು. ಮೇಸ್ತ್ರಿಯ ಮಾತು ನಂಬಿ ಕೂರದೆ ಇಎಸ್‌ಐ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯೂ ಇಲ್ಲವೆಂದಾದರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಗೆ ಆಸರೆ. ಅದು ಆಸ್ಪತ್ರೆಯ ಬಿಲ್ಲು ತೀರಿಸುತ್ತದೆ, ಹೋದ ಪಗಾರ ತುಂಬಿಕೊಡುವುದಿಲ್ಲ.

"ನನಗ ಶುಗರ್ ಐತಿ, ಅಂಗವಿಕಲರ ಸರ್ಟಿಫಿಕೇಟ್ ಸಿಗತೈತೇನ್ರಿ?" ಕಾನೂನು ಶಿಬಿರಗಳಲ್ಲಿ ಕೇಳಿಬರುವ ಪ್ರಶ್ನೆ ಇದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸಕ್ಕರೆ ಕಾಯಿಲೆಯೂ ಇಲ್ಲ, ಕಿಡ್ನಿ ವೈಫಲ್ಯವೂ ಇಲ್ಲ. ಆದರೆ ಶುಗರಿನಿಂದ ಕಾಲು ಕತ್ತರಿಸಿದರೆ, ದೃಷ್ಟಿ ಹೋದರೆ, ಆ ಸ್ಥಿತಿ ಪಟ್ಟಿಗೆ ಬರುತ್ತದೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್, ಮಾನಸಿಕ ಕಾಯಿಲೆ ನೇರವಾಗಿಯೇ ಪಟ್ಟಿಯಲ್ಲಿವೆ. ಮೀಸಲಾತಿಗೆ ಶೇ 40 ಅಂಗವೈಕಲ್ಯ ಇರಬೇಕು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಬೇಕು. ಕೆಲಸದಲ್ಲಿ ಯುಕ್ತ ಹೊಂದಾಣಿಕೆ ಕೇಳಲು ಮಾತ್ರ ಶೇ 40ರ ಗೆರೆ ಅಡ್ಡಬರುವುದಿಲ್ಲ. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಬರಹಗಾರರನ್ನು ಕೇಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಇದನ್ನು ಸ್ಪಷ್ಟಪಡಿಸಿತು.

ಶಿಕ್ಷಕರು, ಪುರಸಭೆ ನೌಕರರು, ಬಸ್ ಡಿಪೋದವರು ಈ ಕಾಯ್ದೆಯ 20ನೇ ಕಲಮನ್ನು ನೆನಪಿಡಬೇಕು. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನಶ್ರೇಣಿಯಲ್ಲಿ ಬೇರೆ ಕೆಲಸ ಕೊಡಬೇಕು. ಅದು ಇಲ್ಲದಿದ್ದರೆ ಸಂಖ್ಯಾಧಿಕ ಹುದ್ದೆ ಸೃಷ್ಟಿಸಿಯಾದರೂ ಉಳಿಸಿಕೊಳ್ಳಬೇಕು. ಬಣ್ಣ ಗುರುತಿಸಲಾರರೆಂದು ತೆಲಂಗಾಣ ಸಾರಿಗೆ ನಿಗಮ ಮನೆಗೆ ಕಳಿಸಿದ್ದ ಚಾಲಕರೊಬ್ಬರನ್ನು ಬೇರೆ ಹುದ್ದೆಗೆ ಮರಳಿ ತೆಗೆದುಕೊಳ್ಳುವಂತೆ 2025ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಬೇರೆ ಕೆಲಸವಿದೆಯೇ ಎಂದು ಹುಡುಕದೆ ತೆಗೆದುಹಾಕಿದ್ದೇ ಅಲ್ಲಿ ತಪ್ಪಾಯಿತು.

ಖಾಸಗಿಯವರಿಗೆ ಕಾನೂನು ಇಷ್ಟು ಬಿಗಿಯಾಗಿಲ್ಲ, ಒಪ್ಪಿಕೊಳ್ಳೋಣ. ಆದರೂ ಖಾಸಗಿ ಸಂಸ್ಥೆಯೂ ಅಂಗವಿಕಲರಿಗಾಗಿ ಸಮಾನ ಅವಕಾಶ ನೀತಿ ಬರೆದಿಡಬೇಕು. ಅದನ್ನು ಕೇಳಿ ನೋಡಿ, ಕೇಳುವವರೇ ಕಡಿಮೆ. ಕರದಂಟಿನ ಅಂಗಡಿ, ಬಟ್ಟೆ ಅಂಗಡಿ, ಸೊಸೈಟಿಗಳಲ್ಲಿ ದುಡಿಯುವವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೆರವಿಗೆ ಬರುತ್ತದೆ. ಕಾಯಿಲೆಗೆಂದು ವರ್ಷಕ್ಕೆ 12 ದಿನದವರೆಗೆ ಪಗಾರಿ ರಜೆ ಅದರಲ್ಲಿದೆ. ಆರು ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅಷ್ಟರ ಪಗಾರ ಕೊಡದೆ ಬಿಡಿಸುವಂತಿಲ್ಲ.

ಎಚ್‌ಐವಿ ಇರುವವರ ಮಾತು ಬೇರೆ. ಅವರಿಗಾಗಿ 2017ರ ಪ್ರತ್ಯೇಕ ಕಾಯ್ದೆ ಇದ್ದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಖಾಸಗಿಯವರಿಗೂ ಅನ್ವಯ. ನೌಕರಿಗೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ. ಸೋಂಕಿನ ಕಾರಣಕ್ಕೆ ತೆಗೆಯಬೇಕೆಂದರೆ ಸ್ವತಂತ್ರ ವೈದ್ಯರ ಲಿಖಿತ ವರದಿ ಬೇಕು. ಆ ವರದಿ ನೌಕರನ ಕೈಗೆ ಕೊಡದಿದ್ದರೆ ಅಪಾಯವೇ ಇಲ್ಲವೆಂದು ಕಾನೂನು ಭಾವಿಸುತ್ತದೆ. ನಿಮ್ಮ ಒಪ್ಪಿಗೆಯಿಲ್ಲದೆ ವಿಷಯವನ್ನು ಊರಿಗೆ ಹಬ್ಬಿಸುವಂತೆಯೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಕಡೆ ನೌಕರಿ ಹೋಗುವುದು ಬಹುಪಾಲು ಆದೇಶದಿಂದಲ್ಲ, "ಆರಾಮಾಗಿ ಬಾ ಅಂತ, ಈಗ ಒಂದ್ ರಾಜೀನಾಮೆ ಬರದು ಕೊಡು" ಎಂಬ ಮೃದು ಮಾತಿನಿಂದ. ಬರೆದುಕೊಟ್ಟ ಮೇಲೆ ನೀವಾಗಿಯೇ ಬಿಟ್ಟಿರಿ ಎಂದಾಗುತ್ತದೆ. ಒತ್ತಾಯವಿತ್ತೆಂದು ತೋರಿಸುವ ಹೊರೆ ನಿಮ್ಮ ತಲೆಗೆ. ಆದ್ದರಿಂದ ಖಾಲಿ ಕಾಗದಕ್ಕೆ ಸಹಿ ಬೇಡ, ರಾಜೀನಾಮೆ ಬೇಡ. ಬದಲಿಗೆ ಅರ್ಜಿ ಬರೆಯಿರಿ, ಹೀಗೆ:

"ಮಾನ್ಯರೇ, ವೈದ್ಯರ ಸಲಹೆಯಂತೆ ನನಗೆ ವಾರದಲ್ಲಿ ಎರಡು ದಿನ ತಲಾ ನಾಲ್ಕು ತಾಸಿನ ಚಿಕಿತ್ಸೆಯಿದೆ. ಆ ದಿನಗಳಲ್ಲಿ ರಾತ್ರಿ ಪಾಳಿ ಬಿಟ್ಟು ಬೇರೆ ಪಾಳಿ ಕೊಡಬೇಕೆಂದು, ಭಾರ ಎತ್ತುವ ಕೆಲಸದ ಬದಲು ಕುಳಿತು ಮಾಡುವ ಕೆಲಸ ಕೊಡಬೇಕೆಂದು ಕೋರುತ್ತೇನೆ. ನಾನು ಕೆಲಸ ಮಾಡಲು ಸಿದ್ಧನಿದ್ದೇನೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿದೆ."

"ಕೆಲಸ ಮಾಡಲು ಸಿದ್ಧನಿದ್ದೇನೆ" ಎಂಬ ಸಾಲನ್ನು ಬಿಡಬೇಡಿ. ನಾಳೆ ನ್ಯಾಯಾಲಯದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳುವುದು ಅದೇ. ಪ್ರಮಾಣಪತ್ರದಲ್ಲಿ ಕಾಯಿಲೆಯ ಪುರಾಣ ಬೇಕಿಲ್ಲ, ಏನು ಮಾಡಬಲ್ಲಿರಿ, ಏನು ಮಾಡಬಾರದು ಎಂಬುದಿದ್ದರೆ ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕ, ಶಿಕ್ಕೆ ಹಾಕಿಸಿಕೊಳ್ಳಿ. ಶಿಕ್ಕೆ ಹಾಕಲೊಲ್ಲರೆಂದರೆ ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಕಾಯ್ದಿಡಿ. ಚೀಟಿ ಕಳಿಸದೆ ಮನೆಯಲ್ಲಿ ಕುಳಿತ ದಿನಗಳೇ ಮುಂದೆ "ಅನಧಿಕೃತ ಗೈರುಹಾಜರಿ" ಎಂಬ ಆರೋಪವಾಗಿ ಬರುತ್ತವೆ.

ಆದರೂ ತೆಗೆದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಅಲ್ಲಿ ಮೊದಲು ರಾಜಿ ಸಂಧಾನ ನಡೆಯುತ್ತದೆ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ಎರಡು ವರ್ಷ ದಾಟಿದ ವಿವಾದವನ್ನು ರಾಜಿ ಅಧಿಕಾರಿ ಕೈಗೆತ್ತಿಕೊಳ್ಳುವಂತಿಲ್ಲ. ಹಾಗೆಂದು ಎರಡು ವರ್ಷ ಕಾಯಬೇಡಿ, ಎರಡು ವಾರವೂ ಬೇಡ. ಅಂಗವೈಕಲ್ಯದ ದೂರು ಬೆಂಗಳೂರಿನ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ಕಳಿಸಬಹುದು.

ವಕೀಲರ ಫೀ ನೆನೆದು ಹಿಂಜರಿಯುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು ಮತ್ತು ಕೈಗಾರಿಕಾ ಕಾರ್ಮಿಕರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರಾಯಿತು. ಹೋಗಲಾಗದಷ್ಟು ನಿತ್ರಾಣವಿದ್ದರೆ 15100ಕ್ಕೆ ಫೋನ್ ಮಾಡಿ.