‘ಅಲ್ಪ’ವೆಂದರೆ ಎಷ್ಟು? ಧ್ರುವಸಂಶೋಧನೆಯಲ್ಲಿ ಪರಿಸರ ಸಲಹೆಗಾರರ ಕೆಲಸ

ಅಂಟಾರ್ಕ್ಟಿಕಾದಲ್ಲಿ ಯಾವ ಸಂಶೋಧನೆ ಕೈಗೊಳ್ಳಬೇಕಾದರೂ ಮೊದಲು ಒಂದು ಪ್ರಶ್ನೆಗೆ ಉತ್ತರಿಸಬೇಕು: ಪರಿಸರದ ಮೇಲೆ ಅದರ ಪರಿಣಾಮ ‘ಅಲ್ಪ ಅಥವಾ ತಾತ್ಕಾಲಿಕ’ಕ್ಕಿಂತ ಕಡಿಮೆಯೋ, ಅಷ್ಟೇಯೋ, ಹೆಚ್ಚೋ? 1991ರಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಮ್ಯಾಡ್ರಿಡ್ ಪ್ರೋಟೊಕಾಲ್ ಈ ಮೂರು ಹಂತಗಳನ್ನು ಗೊತ್ತುಪಡಿಸಿದೆ. ಸೋಜಿಗವೆಂದರೆ, ಆ ಎರಡು ಪದಗಳ ಅರ್ಥವನ್ನು ಅದು ಎಲ್ಲಿಯೂ ವಿವರಿಸಿಲ್ಲ. ಸಂದರ್ಭವನ್ನರಿತು ಅರ್ಥವನ್ನು ನಿರ್ಣಯಿಸುವ ಹೊಣೆ ಪರಿಸರ ಸಲಹೆಗಾರರದು. ಕಾವ್ಯಮೀಮಾಂಸೆಯನ್ನು ಓದಿದವರಿಗೆ ಈ ಇಕ್ಕಟ್ಟು ಅಪರಿಚಿತವೇನಲ್ಲ.

ಹೆಜ್ಜೆಗುರುತೊಂದನ್ನೇ ನೋಡಬಹುದು. ಮಳೆ ಸುರಿಯುವ ನಾಡಿನಲ್ಲಿ ಹಾವಸೆಯ ಮೇಲೆ ಮೂಡಿದ ಹೆಜ್ಜೆ ಬೇಗನೆ ಮುಚ್ಚಿಹೋದೀತು. ಅಂಟಾರ್ಕ್ಟಿಕಾದ ಹಾವಸೆ ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುತ್ತದೆ. ಅಲ್ಲಿ ಅದೇ ಗುರುತು ದಶಕಗಳ ಕಾಲ ಉಳಿಯಬಲ್ಲದು. ಅದನ್ನು ‘ತಾತ್ಕಾಲಿಕ’ ಎನ್ನಲಾದೀತೆ?

ಆದುದರಿಂದಲೇ ಸಲಹೆಗಾರರು ಶಿಬಿರದ ಜಾಗ, ಇಂಧನದ ಸಾಗಣೆ, ತ್ಯಾಜ್ಯವನ್ನು ಮರಳಿ ತರುವ ಬಗೆ ಎಲ್ಲವನ್ನೂ ಪರಿಶೀಲಿಸುತ್ತಾರೆ. ಬೂಟಿನ ಅಡಿಯಲ್ಲಿಯೂ ಜೇಬಿನ ಮೂಲೆಯಲ್ಲಿಯೂ ಸಿಕ್ಕಿಕೊಂಡ ಬೀಜಗಳನ್ನು ತೆಗೆಸುತ್ತಾರೆ. ಇದು ಅತಿಯಾಯಿತೆನ್ನಿಸಬಹುದು. ಕಿಂಗ್ ಜಾರ್ಜ್ ದ್ವೀಪದ ಪೋಲಿಷ್ ನೆಲೆಯ ಬಳಿ 1985–86ರಲ್ಲಿ ಕಾಣಿಸಿಕೊಂಡ ಪೋವಾ ಆನ್ಯುವಾ ಎಂಬ ಹೊರನಾಡಿನ ಹುಲ್ಲು ಮುಂದೆ ಹರಡಿತು. ಅದನ್ನು ಕಿತ್ತು ತೆಗೆಯುವುದೇ ಪ್ರತ್ಯೇಕ ಕಾರ್ಯವಾಯಿತು.

ಹೊಸ ನೆಲೆಯ ನಿರ್ಮಾಣವಾದರೆ ಸಮಗ್ರ ಮೌಲ್ಯಮಾಪನದ ಕರಡನ್ನು ಇತರ ರಾಷ್ಟ್ರಗಳ ಮುಂದಿಡಬೇಕು. 2012ರಲ್ಲಿ ಆರಂಭವಾದ ಭಾರತದ ‘ಭಾರತಿ’ ನೆಲೆಯೂ ಈ ಹಾದಿಯಲ್ಲೇ ಸಾಗಿತು. ಅದನ್ನು ನಡೆಸುವ ಕೇಂದ್ರವಿರುವುದು ಗೋವೆಯ ವಾಸ್ಕೋದಲ್ಲಿ.

ಕಷ್ಟವಿರುವುದು ಬೇರೆಡೆ. ಯೋಜನೆ ತಮ್ಮದೇ ಸಂಸ್ಥೆಯದು. ಸಹೋದ್ಯೋಗಿಯೊಬ್ಬರ ಹಲವು ವರ್ಷಗಳ ಸಿದ್ಧತೆ ಅದರಲ್ಲಿದೆ. ಆದರೂ ಹಾವಸೆಯ ಬದಿಯಲ್ಲಿ ಶಿಬಿರ ಬೇಡವೆಂದು ಸಲಹೆಗಾರರು ಬರೆಯಬೇಕಾಗುತ್ತದೆ.