ಮೀನಿನ ಪರಾವಲಂಬಿ ರೋಗಗಳಿಗೆ ಗಿಡಮೂಲಿಕೆ ಮದ್ದು: ನಮ್ಮ ಉದ್ಯಮಿಗಳಿಗೆ ಒಂದು ಲೆಕ್ಕಾಚಾರ

ಗುಂಡ್ಲುಪೇಟೆ ಹಾಗೂ ಚಾಮರಾಜನಗರ ತಾಲ್ಲೂಕುಗಳಲ್ಲಿ ಅರಿಶಿನ, ಬೆಳ್ಳುಳ್ಳಿ ಬೆಳೆಯುತ್ತವೆ. ಬೇವಿನ ಮರಗಳಿಗೂ ಕೊರತೆಯಿಲ್ಲ. ಈ ಮೂರನ್ನೂ ಸಾಕಣೆ ಮೀನುಗಳ ಪರಾವಲಂಬಿ ರೋಗಗಳ ವಿರುದ್ಧ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಪುಡಿ ಮತ್ತು ಎಣ್ಣೆ ತಯಾರಿಸುವ ಸಣ್ಣ ಘಟಕಗಳಿಗೆ ಇದು ಹೊಸ ಮಾರುಕಟ್ಟೆಯಾದೀತೇ ಎಂಬ ಪ್ರಶ್ನೆ ಸಹಜವಾದುದು. ಬಂಡವಾಳ ತೊಡಗಿಸುವ ಮುನ್ನ ರೋಗ, ಮದ್ದು, ಲೆಕ್ಕ, ಕಾನೂನು ಈ ನಾಲ್ಕನ್ನೂ ಅರಿಯುವುದು ಲೇಸು.

ರೋಗದ ಸ್ವರೂಪ

ಕಾಟ್ಲಾ, ರೋಹು, ಮೃಗಾಲ್ ಸಾಕುವ ಕೊಳಗಳಲ್ಲಿ ಪ್ರಮುಖ ಶತ್ರು ಆರ್ಗ್ಯುಲಸ್ ಎಂಬ ಮೀನು ಹೇನು. ಅದು ಚರ್ಮಕ್ಕೆ ಅಂಟಿ ರಕ್ತ ಹೀರುತ್ತದೆ. ಮೀನು ಮೇವು ಬಿಟ್ಟು ಸೊರಗುತ್ತದೆ. ಗಾಯಗಳಿಗೆ ಬ್ಯಾಕ್ಟೀರಿಯಾ ಸೋಂಕು ತಗಲುತ್ತದೆ. ಹಿಂದೆ ಇದಕ್ಕೆ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ ಕೀಟನಾಶಕವನ್ನು ಕೇಂದ್ರ ಸರ್ಕಾರವು 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಪರ್ಯಾಯದ ಬೇಡಿಕೆಗೆ ಇದೂ ಒಂದು ಕಾರಣ.

ಮದ್ದಿನ ಗುಣ ಮತ್ತು ಮಿತಿ

ಬೇವಿನ ಅಜಾಡಿರಾಕ್ಟಿನ್ ಮೀನು ಹೇನಿನ ಮೇಲೆಯೂ, ಬೆಳ್ಳುಳ್ಳಿಯ ಸಾರವು ಕಿವಿರು ಹುಳು ಹಾಗೂ ಬಿಳಿಚುಕ್ಕೆ ರೋಗದ ಜೀವಿಗಳ ಮೇಲೆಯೂ ಪ್ರಯೋಗಗಳಲ್ಲಿ ಪರಿಣಾಮ ತೋರಿವೆ. ಆದರೆ ಇಂತಹ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದಿರುವುದು ತೊಟ್ಟಿಗಳಲ್ಲಿ, ಕೊಳಗಳಲ್ಲಲ್ಲ. ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕ್ಷಯಿಸುತ್ತದೆ; ಪ್ರಮಾಣ ಮೀರಿದರೆ ಬೇವು ಮೀನಿಗೂ ವಿಷ. ಮೀನು ಹೇನು ಕಲ್ಲು, ಕಡ್ಡಿಗಳ ಮೇಲೆ ಮೊಟ್ಟೆಯಿಡುವುದರಿಂದ ಒಂದೇ ಬಾರಿಯ ಚಿಕಿತ್ಸೆ ಸಾಲದು.

ಖರ್ಚಿನ ಲೆಕ್ಕ

ಒಂದು ಎಕರೆ ವಿಸ್ತೀರ್ಣ, ಒಂದು ಮೀಟರ್ ಆಳದ ಕೊಳದಲ್ಲಿ ಸುಮಾರು 40.47 ಲಕ್ಷ ಲೀಟರ್ ನೀರಿರುತ್ತದೆ. ಲೀಟರಿಗೆ 10 ಮಿಲಿಗ್ರಾಂ ಎಂದು ಭಾವಿಸಿದರೂ ಒಂದು ಬಾರಿಗೆ 40 ಕಿಲೋ ಪುಡಿ ಬೇಕು. ಅದೇ ಕೊಳದಲ್ಲಿ 1,000 ಕಿಲೋ ಮೀನಿದ್ದು, ತೂಕದ ಶೇ. 3ರಂತೆ ದಿನಕ್ಕೆ 30 ಕಿಲೋ ಮೇವು ಹಾಕುವುದಾದರೆ, ಕಿಲೋ ಮೇವಿಗೆ 10 ಗ್ರಾಂ ಬೆರೆಸಲು ಹತ್ತು ದಿನಕ್ಕೆ 3 ಕಿಲೋ ಸಾಕು. 1,000 ಲೀಟರಿನ ಅಲಂಕಾರಿಕ ಮೀನಿನ ತೊಟ್ಟಿಗಾದರೆ 10 ಗ್ರಾಂ ಮಾತ್ರ. ಇವು ಲೆಕ್ಕಕ್ಕೆಂದು ತೆಗೆದುಕೊಂಡ ಅಂಕಿಗಳೇ ಹೊರತು ಔಷಧ ಪ್ರಮಾಣವಲ್ಲ. ಆದರೂ ಕೊಳದ ನೀರಿಗೆ ಸುರಿಯಲು ಹೆಚ್ಚು ಪುಡಿ ಬೇಕು, ಮೇವು ಮತ್ತು ತೊಟ್ಟಿಗಳ ದಾರಿಗೆ ಬಹಳ ಕಡಿಮೆ ಸಾಕು ಎಂಬುದು ಇದರಿಂದ ಸ್ಪಷ್ಟ. ರೋಗ ಬಲಿತ ಮೀನು ಮೇವು ಮುಟ್ಟುವುದಿಲ್ಲವಾದ್ದರಿಂದ ಮೇವಿನ ಮದ್ದು ಆರಂಭದ ಹಂತಕ್ಕಷ್ಟೇ ಸೂಕ್ತ.

ಕಾನೂನಿನ ಎಚ್ಚರಿಕೆ

1. ಪೊಟ್ಟಣದ ಮೇಲೆ ‘ರೋಗ ಗುಣಪಡಿಸುತ್ತದೆ’ ಎಂದು ಮುದ್ರಿಸಿದೊಡನೆ ಸರಕು ಔಷಧವಾಗುತ್ತದೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯು ಪ್ರಾಣಿಗಳ ಔಷಧಕ್ಕೂ ಅನ್ವಯಿಸುವುದರಿಂದ ತಯಾರಿಕೆಗೆ ಪರವಾನಗಿ ಬೇಕು.

2. ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯು ಕೃಷಿ ಮಾಡಿದ ಔಷಧೀಯ ಸಸ್ಯಗಳಿಗೆ ವಿನಾಯಿತಿ ನೀಡಿದೆ. ಕಾಡಿನಿಂದ ತಂದ ವಸ್ತುವಿಗಲ್ಲ. ಆದ್ದರಿಂದ ಖರೀದಿಯ ಮೂಲಕ್ಕೆ ದಾಖಲೆಯಿರಲಿ.

3. ಮೀನಿನ ಮೇವಿಗೆ ಜಿ.ಎಸ್.ಟಿ. ವಿನಾಯಿತಿಯಿದೆ, ಔಷಧಕ್ಕೆ ತೆರಿಗೆಯಿದೆ. ವರ್ಗೀಕರಣ ತಪ್ಪಿದರೆ ಬಡ್ಡಿ, ದಂಡಗಳು ಲಾಭವನ್ನೇ ನುಂಗುತ್ತವೆ.

ಈ ಉದ್ಯಮಕ್ಕೆ ಇಳಿಯಬಯಸುವವರು ಮೊದಲು ಮೀನುಗಾರಿಕೆ ಇಲಾಖೆ ಅಥವಾ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ತಜ್ಞರ ಸಲಹೆಯಂತೆ ಸಣ್ಣ ಪ್ರಮಾಣದ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಬರಹದಲ್ಲಿ ಪಡೆಯುವುದು ಸೂಕ್ತ. ಯಂತ್ರದ ಖರೀದಿ ಆ ನಂತರದ ಮಾತು.