ಹಳೆಯ ಕಟ್ಟಡಕ್ಕೆ ಹೊಸ ಹೊದಿಕೆ

ಕಟ್ಟಡವೊಂದು ಹಳತಾಯಿತೆಂದರೆ ಅದನ್ನು ಕೆಡವಿ ಹೊಸದನ್ನು ಕಟ್ಟುವುದೇ ಪ್ರಗತಿಯೆಂಬ ಭಾವನೆ ಎಲ್ಲೆಡೆ ಬೇರೂರಿದೆ. ಆದರೆ ಸಿಮೆಂಟು, ಉಕ್ಕು, ಇಟ್ಟಿಗೆಗಳ ತಯಾರಿಕೆಗೆ ವ್ಯಯವಾದ ಅಪಾರ ಇಂಧನವು ಆ ಗೋಡೆಗಳಲ್ಲಿ ಅಡಗಿರುತ್ತದೆ. ಕೆಡವಿದಾಗ ಅದೆಲ್ಲವೂ ಮಣ್ಣುಪಾಲಾಗುತ್ತದೆ. ಹಳೆಯ ವಸತಿ ಕಟ್ಟಡವನ್ನು ಉಳಿಸಿಕೊಂಡೇ ಅದರ ಇಂಧನ ವೆಚ್ಚವನ್ನು ತಗ್ಗಿಸುವುದು ಹೇಗೆಂಬುದಕ್ಕೆ ಪ್ಯಾರಿಸ್ ನಗರದ ನಿದರ್ಶನವೊಂದು ಮನನಯೋಗ್ಯವಾಗಿದೆ.

ಶೀತಪ್ರದೇಶಗಳಲ್ಲಿ ಮನೆಯ ಇಂಧನದ ಬಹುಭಾಗ ಕೋಣೆಗಳನ್ನು ಬೆಚ್ಚಗಿಡಲು ವೆಚ್ಚವಾಗುತ್ತದೆ. ಶಾಖವು ಬಿಸಿಯಾದೆಡೆಯಿಂದ ತಣ್ಣಗಿರುವೆಡೆಗೆ ಹರಿಯುವುದು ಪ್ರಕೃತಿನಿಯಮ. ತೆಳುಗೋಡೆ, ಒಂಟಿಗಾಜಿನ ಕಿಟಕಿ, ಬಾಗಿಲುಗಳ ಸಂದು ಅದು ಪಾರಾಗುವ ಮುಖ್ಯ ದಾರಿಗಳು. ಎರಡನೆಯ ಮಹಾಯುದ್ಧದ ನಂತರ ವಸತಿಯ ಅಭಾವ ನೀಗಲೆಂದು ಯೂರೋಪಿನಲ್ಲಿ ತ್ವರಿತವಾಗಿ ಎದ್ದ ಬಹುಮಹಡಿ ಕಟ್ಟಡಗಳಲ್ಲಿ ಈ ದೋಷಗಳು ಸಾಮಾನ್ಯವಾಗಿದ್ದವು. 1973ರ ತೈಲ ಬಿಕ್ಕಟ್ಟು ಅವುಗಳನ್ನು ಎತ್ತಿ ತೋರಿಸಿತು.

ಪ್ಯಾರಿಸ್ಸಿನ ಉತ್ತರದ ಅಂಚಿನಲ್ಲಿರುವ ಬ್ವಾ-ಲ-ಪ್ರೆತ್ರ್ ಗೋಪುರವು ವಾಸ್ತುಶಿಲ್ಪಿ ರೇಮೊಂ ಲೊಪೆಜ್ ಅವರ ಯೋಜನೆಯಂತೆ 1960ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಸುಮಾರು 50 ಮೀಟರ್ ಎತ್ತರದ ಈ ಕಟ್ಟಡದಲ್ಲಿ ನೂರಕ್ಕೆ ಸಮೀಪದಷ್ಟು ಬಾಡಿಗೆ ಮನೆಗಳಿದ್ದವು. ಕೆಲವು ದಶಕಗಳ ನಂತರ ಶಾಖದ ಸೋರಿಕೆ ತಡೆಯಲೆಂದು ಶಾಖನಿರೋಧಕ ಫಲಕಗಳನ್ನು ಹೊದಿಸಿ, ಕಿಟಕಿಗಳನ್ನು ಕಿರಿದುಗೊಳಿಸಲಾಯಿತು. ಕೋಣೆಗಳಿಗೆ ಮಬ್ಬು ಕವಿಯಿತು. ಕೊನೆಗೆ ಗೋಪುರವನ್ನೇ ಕೆಡವುವ ಆಲೋಚನೆ ಬಂದಿತು.

ಫ್ರೆಡೆರಿಕ್ ದ್ರುಒ, ಆನ್ ಲಕಾತೋಂ ಮತ್ತು ಝಾಂ-ಫಿಲಿಪ್ ವಸಾಲ್ ಎಂಬ ವಾಸ್ತುಶಿಲ್ಪಿಗಳು ಬೇರೊಂದು ಮಾರ್ಗ ಹಿಡಿದರು. ಆ ಫಲಕಗಳನ್ನು ಕಿತ್ತು, ದೊಡ್ಡ ಗಾಜಿನ ಜಾರುಬಾಗಿಲುಗಳನ್ನಿರಿಸಿ, ಹೊರಗೆ ಎರಡು ಮೀಟರ್ ಅಗಲದ ಪಾರದರ್ಶಕ ಪಡಸಾಲೆಯನ್ನೂ ಅದರಾಚೆ ಒಂದು ಮೀಟರಿನ ಮೊಗಸಾಲೆಯನ್ನೂ ಜೋಡಿಸಿದರು. ಮೊದಲೇ ಸಿದ್ಧಪಡಿಸಿದ ಭಾಗಗಳನ್ನು ತಂದು ಕೂಡಿಸಿದ್ದರಿಂದ ನಿವಾಸಿಗಳು ಕಟ್ಟಡ ತೊರೆಯಬೇಕಾಗಲಿಲ್ಲ. ಚಳಿಗಾಲದಲ್ಲಿ ಬಿಸಿಲು ಪಡಸಾಲೆಯ ಗಾಳಿಯನ್ನು ಬಿಸಿಮಾಡುತ್ತದೆ. ಒಳಕೋಣೆ ನೇರವಾಗಿ ಶೀತಕ್ಕೆ ಎದುರಾಗುವುದಿಲ್ಲ. ಬೇಸಿಗೆಯಲ್ಲಿ ಹೊರತಡಿಕೆಗಳನ್ನು ಸರಿಸಿ ಗಾಳಿಗೆ ದಾರಿಮಾಡಬಹುದು. 2011ರಲ್ಲಿ ಕಾರ್ಯ ಮುಗಿಯಿತು. ಮನೆಗಳು ವಿಸ್ತಾರವಾದವು, ಬೆಳಕು ಬಂದಿತು; ಶಾಖಕ್ಕೆ ಬೇಕಾಗುವ ಇಂಧನ ಸುಮಾರು ಅರ್ಧಕ್ಕಿಳಿಯಿತೆಂದು ವರದಿಯಾಗಿದೆ. ಕೆಡವಿ ಕಟ್ಟುವುದಕ್ಕಿಂತ ಖರ್ಚೂ ಕಡಿಮೆಯಾಯಿತು. ಇದೇ ತತ್ತ್ವದಂತೆ ಬೋರ್ಡೋ ನಗರದಲ್ಲಿ 530 ಮನೆಗಳು ನವೀಕರಣಗೊಂಡವು. ಲಕಾತೋಂ ಮತ್ತು ವಸಾಲ್ ಅವರಿಗೆ 2021ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಸಂದಿತು.

ಮೊದಲ ದುರಸ್ತಿ ಶಾಖವನ್ನಷ್ಟೇ ಲೆಕ್ಕಿಸಿತು. ಎರಡನೆಯದು ಮನೆಯೊಳಗಿನ ಮನುಷ್ಯನನ್ನೂ ಲೆಕ್ಕಿಸಿತು. ಮಿತವ್ಯಯವೆಂದರೆ ಬಾಳನ್ನು ಕುಗ್ಗಿಸುವುದಲ್ಲವೆಂಬುದೇ ಇಲ್ಲಿನ ಪಾಠ.

ಆದರೆ ಇದರ ಕುರುಡು ಅನುಕರಣೆ ಸಲ್ಲದು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಶಾಖವು ಹೊರಗಿನಿಂದ ಒಳಕ್ಕೆ, ಅದರಲ್ಲೂ ಮಾಳಿಗೆಯ ಮೂಲಕ, ಬರುತ್ತದೆ. ನೆರಳಿಲ್ಲದ ಗಾಜಿನ ಪಡಸಾಲೆ ಇಲ್ಲಿ ಒಲೆಯಾದೀತು. ನಮಗೆ ಬೇಕಾದುದು ಬಿಳಿಬಳಿದ ಮಾಳಿಗೆ, ಕಿಟಕಿಗೆ ನೆರಳು, ಎದುರುಬದುರು ಗಾಳಿಯ ದಾರಿ. ಶಾಖ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆಯೆಂಬುದನ್ನು ತಮ್ಮ ತರಗತಿಯ ಕೋಣೆಯಲ್ಲೇ ಉಷ್ಣಮಾಪಕ ಹಿಡಿದು ಕಂಡುಕೊಳ್ಳುವಂತೆ ಅಧ್ಯಾಪಕರು ವಿದ್ಯಾರ್ಥಿಗಳನ್ನು ಪ್ರೇರೇಪಿಸಬೇಕು.

ದಾನಿಗಳಲ್ಲಿಯೂ ಒಂದು ವಿನಂತಿ. ಹೊಸ ಕಟ್ಟಡದ ಮೇಲೆ ದಾನಿಯ ಹೆಸರು ಕೆತ್ತಲ್ಪಡುತ್ತದೆ. ದುರಸ್ತಿಗೆ ಆ ಭಾಗ್ಯ ವಿರಳ. ಆದರೂ ಹಿರಿಯರು ಕಟ್ಟಿಸಿದ ಗೋಡೆಯನ್ನು ಇನ್ನೊಂದು ತಲೆಮಾರಿಗೆ ಯೋಗ್ಯವಾಗಿಸುವುದು ಹೊಸ ಗೋಡೆ ಎಬ್ಬಿಸುವುದಕ್ಕಿಂತ ಕಿರಿದಾದ ದಾಸೋಹವಲ್ಲ.